ಮೂರು ಸಾವಿರಕ್ಕೆ ಒಂದು ಕಡಿಮೆ

ಎಚ್ಚರವಾದಾಗ ಆರ್ಡಿತ್ ಹಾವ್ಲಿಕ್‌ಗೆ ಮೊದಲು ನೆನಪಾದದ್ದು ತನ್ನ ಹೆಸರಲ್ಲ, ಒಂದು ಸಂಖ್ಯೆ: ಎರಡು ಸಾವಿರದ ಒಂಬೈನೂರ ತೊಂಬತ್ತೊಂಬತ್ತು. ಇನ್ನೊಂದೇ ಗಂಟೆ. ಹಾಸಿಗೆಯಂಚಿಗೆ ಕೂತು, ಐವತ್ತನಾಲ್ಕು ವರ್ಷದ ಹೆಂಗಸು ಮಾಡಬಾರದ ಹಾಗೆ ಎರಡು ಸಲ ಕುಪ್ಪಳಿಸಿದಳು. ಮಂಚ ಕಿರ್ರೆಂದಿತು, ಬೆಕ್ಕು ಎದ್ದು ಹೊರಟುಹೋಯಿತು. ಬೇರೆಯವರ ದುಃಖ ಕೇಳಿ ಜೀವನ ಮಾಡುತ್ತೇನೆಂದು ಹೊರಟವರಿಗೆ ರಾಜ್ಯದ ಮಂಡಳಿ ಹಾಕಿದ ಷರತ್ತು ಅದು. ಓದು ಮುಗಿಸಿದರೆ ಸಾಲದು, ಇನ್ನೊಬ್ಬರ ಕಣ್ಣಳತೆಯಲ್ಲಿ ಮೂರು ಸಾವಿರ ಗಂಟೆ ಕೆಲಸ ಮಾಡಬೇಕು. ಅದರಲ್ಲಿ ಅರ್ಧ, ದುಃಖಿಯ ಎದುರಿಗೇ ಕೂತು. ವಾರಕ್ಕೊಂದು ಗಂಟೆ ಮೇಲ್ವಿಚಾರಕಿಯ ಮುಂದೆ ಕೂತು, ನಾನು ಹೀಗೆ ಕೇಳಿದೆ, ಅವರು ಹಾಗೆ ಅಂದರು, ನಾನು ಸುಮ್ಮನಿದ್ದೆ ಎಂದು ಒಪ್ಪಿಸಬೇಕು. ಆಮೇಲೆ ಲೈಸೆನ್ಸು, ಆಮೇಲೆ ಒಬ್ಬಳೇ. ಬರುತ್ತೇನೆಂದವರು ಬರದೆ ಹೋದರೆ ಆ ಗಂಟೆ ಲೆಕ್ಕಕ್ಕಿಲ್ಲ. ದಿನಸಿ ಅಂಗಡಿಯ ಸಾಲಿನಲ್ಲಿ ಯಾರೋ ತೋಳು ಹಿಡಿದು ಮಗಳ ವಿಚ್ಛೇದನ ಹೇಳಿಕೊಂಡರೆ ಅದೂ ಇಲ್ಲ. ಇಪ್ಪತ್ತಾರು ವರ್ಷ ತನ್ನ ಕೂದಲು ಕತ್ತರಿಸುವ ಅಂಗಡಿಯಲ್ಲಿ ಒದ್ದೆ ತಲೆಗಳ ಹಿಂದೆ ನಿಂತು ಕೇಳಿದ್ದಂತೂ ಇಲ್ಲವೇ ಇಲ್ಲ. ಅದನ್ನೂ ಸೇರಿಸಿದ್ದರೆ ಲೀಪಾ ಊರಿನ ಆರುನೂರ ಹನ್ನೆರಡು ಜನರ ದುಃಖಕ್ಕೆ ಅವಳೊಬ್ಬಳೇ ಅಧಿಕೃತ ಉಗ್ರಾಣವಾಗುತ್ತಿದ್ದಳು. ಎರಡು ವರ್ಷದಿಂದ ಅವಳಿಗೆ ಎಲ್ಲವೂ ಗಂಟೆಯ ಲೆಕ್ಕದಲ್ಲೇ ಕಾಣುತ್ತಿತ್ತು: ಹಲ್ಲುಜ್ಜುವುದು ಗಂಟೆಯ ಇಪ್ಪತ್ತರಲ್ಲಿ ಒಂದು ಭಾಗ, ಚರ್ಚಿನ ಪ್ರವಚನ ಮುಕ್ಕಾಲು ಗಂಟೆ, ಅದೂ ಲೆಕ್ಕಕ್ಕಿಲ್ಲ. ಸಂತೋಷ ಎದೆಯಲ್ಲಿ ಸೋಡಾದ ಹಾಗೆ ಗುಳುಗುಳು ಏಳುತ್ತಿತ್ತು. ಅದರ ತಳದಲ್ಲಿ ಒಂದು ಕಲ್ಲು. ಆ ಎರಡು ಸಾವಿರದ ಒಂಬೈನೂರ ತೊಂಬತ್ತೊಂಬತ್ತರಲ್ಲಿ ಒಂದು ಗಂಟೆ ಅವಳದಾಗಿರಲಿಲ್ಲ.

ಅಂಗಡಿ ಮುಚ್ಚಿದಾಗ ತಂದು ಹಾಕಿದ ದೊಡ್ಡ ಕನ್ನಡಿ ಮನೆಯ ನಡುಹಾದಿಯಲ್ಲಿತ್ತು. ಬಾಚಣಿಗೆ ಹಿಡಿದು ಅದರ ಮುಂದೆ ನಿಂತವಳು, ಐದು ವಾರದಿಂದ ಮಾಡುತ್ತಿದ್ದ ಹಾಗೆ, ಬೈತಲೆ ತೆಗೆಯುವಾಗ ಕಣ್ಣು ಮುಚ್ಚಿಕೊಂಡಳು. ಬೆರಳಿಗೆ ಗೊತ್ತಿರುವ ದಾರಿಗೆ ಕಣ್ಣು ಬೇಡ. ಹೊರಗೆ ಗಾಳಿ. ಮಾರ್ಚ್ ತಿಂಗಳ ಆ ಗಾಳಿಯ ಬಗ್ಗೆ ನಮ್ಮೂರಿನವರು ಸುಳ್ಳು ಹೇಳುವುದಿಲ್ಲ, ಅಗತ್ಯವಿಲ್ಲ. ಅಂದು ನೀರಿನ ಟ್ಯಾಂಕಿನ ಮೇಲೆ ಬರೆದಿದ್ದ ಊರಿನ ಹೆಸರು ಕಿತ್ತು ಹನ್ನೊಂದು ಮೈಲಿ ಹಾರಿ ಪಕ್ಕದ ಊರಿನ ಟ್ಯಾಂಕಿಗೆ ಅಂಟಿಕೊಂಡಿತ್ತು, ಅಲ್ಲಿನವರು ಮಧ್ಯಾಹ್ನದವರೆಗೆ ನಮ್ಮ ತೆರಿಗೆ ಕಟ್ಟಿದರು. ಪ್ಲಾಟ್ ನದಿಯ ಕಡೆಯಿಂದ ಕೊಕ್ಕರೆಗಳ ಕೂಗು ಬರುತ್ತಿತ್ತು, ಸಾವಿರ ಬಾಗಿಲುಗಳ ತಿರುಗಣಿಗೆ ಒಟ್ಟಿಗೆ ಎಣ್ಣೆ ಬೇಕಾದ ಹಾಗೆ. ಕಾರಿನಲ್ಲಿ ಹಳೆಯ ಅಂಗಡಿಯ ಮುಂದೆ ಹೋಗುವಾಗ ಆರ್ಡಿತ್ ವೇಗ ಕಡಿಮೆ ಮಾಡಿದಳು. ಹೊಸ ಬೋರ್ಡು ಆಗಲೇ ಏರಿತ್ತು: ‘ಆರ್ಡಿತ್ ಹಾವ್ಲಿಕ್, ಲೈಸೆನ್ಸ್ ಪಡೆದ ಆಪ್ತಸಮಾಲೋಚಕಿ’. ಶನಿವಾರ ಉದ್ಘಾಟನೆ, ಗಸಗಸೆ ತುಂಬಿದ ಕೊಲಾಚೆ ಬನ್ನು ಇನ್ನೂರು ಹೇಳಿಯಾಗಿತ್ತು. ಲೈಸೆನ್ಸು ಕೈಗೆ ಬರುವ ತನಕ ಆ ಬೋರ್ಡು ತೋರಿಸುವುದು ಅಪರಾಧ, ಹಾಗಾಗಿ ಗಿರಾಕಿಗಳ ಕೊರಳಿಗೆ ಕಟ್ಟುತ್ತಿದ್ದ ಹಳೆಯ ಕಪ್ಪು ಬಟ್ಟೆಗಳನ್ನು ಹೊಲಿದು ಮುಚ್ಚಿದ್ದಳು. ಗಾಳಿ ಒಂದು ಮೂಲೆ ಎತ್ತಿ ಹಿಡಿದು ‘ಲೈಸೆನ್ಸ್ ಪಡೆದ’ ಎಂಬಷ್ಟನ್ನೇ ಊರಿಗೆಲ್ಲ ಓದಿಸುತ್ತಿತ್ತು. ಅವಳು ಕಾರು ನಿಲ್ಲಿಸಿ, ಏಣಿಯಿಲ್ಲದೆ, ಹೂಕುಂಡದ ಮೇಲೆ ಹತ್ತಿ, ಮೂಲೆಯನ್ನು ಎಳೆದು ಕಟ್ಟಿದಳು. ಪೋಸ್ಟ್ ಆಫೀಸಿನ ಕಿಟಕಿಯಿಂದ ಯಾರೋ ನೋಡುತ್ತಿದ್ದರು. ನೋಡಲಿ. ಕಳ್ಳಿಯ ಹಾಗೆ ಬೆನ್ನು ಬೆಚ್ಚಗಾಯಿತು.

ಕ್ಲಿನಿಕ್ಕಿನ ಮುಂಗೋಣೆಯಲ್ಲಿ ವೆಲ್ಡಾ ಕೂತಿದ್ದಳು. ಇಪ್ಪತ್ತು ವರ್ಷದಿಂದ ಅಲ್ಲಿ ಫೋನ್ ಎತ್ತುವವಳು, ಬರುವವರ ರಹಸ್ಯ ಒಂದನ್ನೂ ಬಿಟ್ಟುಕೊಡದವಳು, ಮಿಕ್ಕಿದ್ದೆಲ್ಲವನ್ನೂ ಬಿಟ್ಟುಕೊಡುವವಳು. ಮೇಜಿನ ಮೇಲೆ ಕೇಕು. ಬಿಳಿ ಕ್ರೀಮಿನ ಮೇಲೆ ನೀಲಿಯಲ್ಲಿ 3000.

“ಈಗಲೇ ಯಾಕೆ ತಂದೆ? ಇನ್ನೂ ಒಂದು ಬಾಕಿ ಇದೆ ಕಣೇ.”

“ಒಂದು ತಾನೇ? ಎಮಿಲ್ ವೊಂಡ್ರಾ ಹತ್ತು ಗಂಟೆಗೆ ಅಂದ್ರೆ ಒಂಬತ್ತೂವರೆಗೇ ಪಾರ್ಕಿಂಗಲ್ಲಿ ಕೂತಿರ್ತಾನೆ. ಅವನು ಬರಲ್ಲ ಅಂದ್ರೆ ಸತ್ತಿದಾನೆ ಅಂತ ಅರ್ಥ.” ವೆಲ್ಡಾ ಕೇಕಿನ ಅಂಚಿನಲ್ಲಿ ಬೆರಳಾಡಿಸಿ ನೆಕ್ಕಿದಳು. “ಯಾಕೆ, ಮುಖ ಹಂಗಿದೆ? ಮದುವೆ ಹೆಣ್ಣಿನ ಥರ ನಗ್ತೀಯ, ಕಣ್ಣು ನೋಡಿದ್ರೆ ಓಡಿಹೋಗೋಳ ಥರ ಇದೆ.”

“ಗಾಳಿ ಕಣೇ.”

“ಹೌದೌದು, ಗಾಳಿ.”

ಎಮಿಲ್ ಬಂದಿದ್ದ. ಎಪ್ಪತ್ತೆಂಟು ವರ್ಷ, ಟೋಪಿಯನ್ನು ಮೊಣಕಾಲಿನ ಮೇಲೆ ಇಟ್ಟುಕೊಂಡು ಕೂರುವ ಮನುಷ್ಯ. ಹೆಂಡತಿ ಬ್ಲಾಂಚ್ ತೀರಿಕೊಂಡು ಎರಡು ಅಕ್ಟೋಬರ್ ಕಳೆದಿತ್ತು. ಕಳೆದ ನವೆಂಬರಿನ ಒಂದು ಮಧ್ಯಾಹ್ನ ಅವನು ಕೋವಿ ತಂದು, ನೆಮ್ಮದಿಯಾಗಿ ಗುರಿಯಿಟ್ಟು, ಪಕ್ಕದ ಮನೆಯ ಮಾಡಿನ ಮೇಲಿದ್ದ ಡಿಶ್ ಆಂಟೆನಾವನ್ನು ಹೊಡೆದುಹಾಕಿದ. ನ್ಯಾಯಾಧೀಶರು ಯಾಕೆಂದು ಕೇಳಿದ್ದಕ್ಕೆ, “ಸ್ವಾಮಿ, ಅದು ನನ್ನ ಅಡಿಗೆಮನೆ ಕಡೆ ಕಿವಿ ಇಟ್ಕೊಂಡು ಕೂತಿತ್ತು” ಎಂದ. ಒಂಟಿಯಾದ ಮೇಲೆ ಅವನು ಅಡಿಗೆಮನೆಯಲ್ಲಿ ಬ್ಲಾಂಚ್ ಜೊತೆ ಗಟ್ಟಿಯಾಗಿ ಮಾತಾಡಲು ಶುರುಮಾಡಿದ್ದ. ಅದನ್ನು ಯಾರೂ ಕೇಳುವಂತಿರಲಿಲ್ಲ. ಹನ್ನೆರಡು ಗಂಟೆ ಸಮಾಲೋಚನೆಯ ಶಿಕ್ಷೆಯಾಯಿತು. ಹೀಗೆ ಒಬ್ಬ ಹನ್ನೆರಡು, ಒಬ್ಬಳು ಮೂರು ಸಾವಿರ ಎಣಿಸುತ್ತಾ ಎದುರುಬದುರು ಕೂರುವಂತಾಯಿತು. ಬ್ಲಾಂಚಳ ತಲೆಯನ್ನು ಇಪ್ಪತ್ತು ವರ್ಷ ಬಾಚಿದವಳು ನಾನೇ, ಇವರನ್ನು ನಾನು ನೋಡಬಹುದೇ ಎಂದು ಆರ್ಡಿತ್ ಮೊದಲೇ ಮೇಲ್ವಿಚಾರಕಿಯನ್ನು ಕೇಳಿದ್ದಳು. ನೀವು ಮುಟ್ಟಿದ ತಲೆಗಳನ್ನೆಲ್ಲ ಬಿಟ್ಟರೆ ಈ ಊರಲ್ಲಿ ನಿಮಗೆ ಉಳಿಯುವುದು ಬೋಳುತಲೆಯವರು ಮಾತ್ರ ಎಂದು ಅವಳು ನಕ್ಕಿದ್ದಳು. ಆ ಬ್ಲಾಂಚಳ ತಲೆಯನ್ನು ಕೊನೆಯ ಸಲ ಬಾಚಿದ್ದು ಎಲ್ಲಿ ಎಂದು ಅವಳು ಕೇಳಲಿಲ್ಲ, ಇವಳು ಹೇಳಲಿಲ್ಲ.

“ಏನಮ್ಮಾ, ಇವತ್ತು ಇಬ್ಬರಿಗೂ ಬಿಡುಗಡೆ” ಎಂದ ಎಮಿಲ್. “ನಂದು ಹನ್ನೆರಡನೇದು. ನಿಂದು?”

“ಅದು ನಿಮಗ್ಯಾರು ಹೇಳಿದ್ರು?”

“ಕೇಕಿನ ಮೇಲೆ ಬರೆದಿದೆಯಲ್ಲ. ಮೂರು ಸಾವಿರ ವರ್ಷದ ಮುದುಕಿ ಯಾರೂ ಇಲ್ಲಿಲ್ಲ, ಹಂಗಾಗಿ ಗಂಟೆನೇ ಇರಬೇಕು ಅಂದ್ಕೊಂಡೆ.”

ಆ ಗಂಟೆ ಬೆಣ್ಣೆಯ ಮೇಲೆ ಚಾಕು ಹೋದ ಹಾಗೆ ಹೋಯಿತು. ಅವನು ತನ್ನ ಒಂದು ಕೋಳಿಯ ಕಥೆ ಹೇಳಿದ: ಅದು ರೇಡಿಯೋದಲ್ಲಿ ಜೋಳದ ಧಾರಣೆ ಬಂದಾಗ ಮಾತ್ರ ಮೊಟ್ಟೆ ಇಡುತ್ತದಂತೆ, ಧಾರಣೆ ಇಳಿದ ದಿನ ಸಣ್ಣದು, ಏರಿದ ದಿನ ಎರಡು ಹಳದಿಯದು, ರಜಾದಿನ ಕೂತಲ್ಲೇ ನಿಟ್ಟುಸಿರು. ಆರ್ಡಿತ್ ಕಲಿತ ಹಾಗೆ ತಲೆಯಾಡಿಸಿದಳು, ಕೋಳಿಯ ಹಿಂದೆ ಏನಿದೆಯೆಂದು ಹುಡುಕಿದಳು. ಕೋಳಿಯ ಹಿಂದೆ ಕೋಳಿಯೇ ಇತ್ತು. ಎಮಿಲ್ ಮಾತಾಡುತ್ತಿರುವಾಗಲೇ ಅವಳು ಐದು ವಾರದ ಹಿಂದಿನ ಅವನ ಏಳನೆಯ ಗಂಟೆಗೆ ಹೋಗಿಬಿಟ್ಟಿದ್ದಳು. ಅದೇ ಕುರ್ಚಿ, ಅದೇ ಟೋಪಿ, ಮೊಣಕಾಲು. ಆರು ವಾರ ಕೋಳಿ, ಬೇಲಿ, ಹವಾಮಾನ ಹೇಳಿದ ಮನುಷ್ಯ ಏಳನೆಯ ವಾರ ಟೋಪಿಯ ಅಂಚು ತಿರುಗಿಸುತ್ತಾ, ಯಾವ ಮುನ್ಸೂಚನೆಯೂ ಇಲ್ಲದೆ, “ಅವತ್ತು ಪೆಟ್ಟಿಗೆಯಲ್ಲಿ ಮಲಗಿದ್ದೋಳು ಬ್ಲಾಂಚ್ ಅಲ್ಲ ಅನ್ನಿಸ್ತು ನಂಗೆ” ಎಂದಿದ್ದ. “ಮುಖ ಅವಳದೇ. ಆದ್ರೆ ಬೈತಲೆ ಬಲಗಡೆ ಇತ್ತು. ಐವತ್ತೊಂದು ವರ್ಷ ಅವಳು ಎಡಗಡೆನೇ ತೆಗೀತಿದ್ಲು. ಯಾರೋ ಬೇರೆಯವರ ಹೆಂಡತಿನ ನೋಡೋಕೆ ಬಂದಿದೀನಿ ಅನ್ನಿಸ್ತು. ಬೇರೆಯವರ ಹೆಂಡತಿಗೆ ಅಳೋದು ಹೆಂಗೆ? ಹಂಗಾಗಿ ಅಳಲಿಲ್ಲ. ಆಮೇಲೆ ಅಳೋಕೆ ಹೊತ್ತು ಸಿಗಲಿಲ್ಲ.”

ಬ್ಲಾಂಚ್ ತೀರಿಕೊಂಡಾಗ, ಹೆಣ ಸಿಂಗರಿಸುವ ಅಂತ್ಯಸಂಸ್ಕಾರದ ಮನೆಯವರು ಆರ್ಡಿತ್‌ಗೆ ಫೋನ್ ಮಾಡಿ ಕರೆದಿದ್ದರು. ನಮ್ಮೂರಲ್ಲಿ ಬದುಕಿದ್ದಾಗ ತಲೆ ಬಾಚಿದವರೇ ಕೊನೆಗೂ ಬಾಚಬೇಕು, ಅದು ಮಾತಾಡಿಕೊಳ್ಳದ ಕರಾರು. ಪೆಟ್ಟಿಗೆಯ ತಲೆಯ ಭಾಗ ಗೋಡೆಗೆ ತಾಗಿತ್ತು, ಹಿಂದೆ ನಿಲ್ಲಲು ಜಾಗವಿರಲಿಲ್ಲ. ಇಪ್ಪತ್ತು ವರ್ಷ ಬ್ಲಾಂಚಳ ಬೆನ್ನ ಹಿಂದೆ ನಿಂತು ಕನ್ನಡಿಯೊಳಗಿನ ಅವಳ ಮುಖ ನೋಡುತ್ತಾ ಬಾಚಿದವಳು, ಮೊದಲ ಸಲ, ಕನ್ನಡಿಯಿಲ್ಲದೆ, ಎದುರಿಗೆ ಬಗ್ಗಿ ನಿಂತಿದ್ದಳು. ಕನ್ನಡಿಯಲ್ಲಿ ಕಂಡ ಮುಖಕ್ಕೆ ಹೊಂದುವ ಹಾಗೆ ತನ್ನ ಎಡಗೈ ಕಡೆಗೆ ಬೈತಲೆ ತೆಗೆದಳು. ಈಗ ಚೆನ್ನಾಗಿ ಕಾಣ್ತೀರ ಬ್ಲಾಂಚ್ ಎಂದೂ ಹೇಳಿದ್ದಳು. ಏಳನೆಯ ಗಂಟೆಯಲ್ಲಿ ಎಮಿಲ್ ತನ್ನ ನೆತ್ತಿಯ ಎಡಕ್ಕೆ ಬೆರಳಿಟ್ಟು ತೋರಿಸಿದಾಗ ಅದೆಲ್ಲ ಒಂದೇ ಏಟಿಗೆ ತಿರುವಿಕೊಂಡು ನಿಂತಿತು, ಆರ್ಡಿತ್ ಅದು ನಾನೇ ತೆಗೆದದ್ದು ಎಂದು ಬಾಯಿ ಮುಚ್ಚಿಕೊಂಡು ಅಳತೊಡಗಿದಳು. ನಿಲ್ಲಲಿಲ್ಲ. ನಲವತ್ತು ನಿಮಿಷ. ಕ್ಲೈಂಟ್ ಅಳುವಾಗ ಟಿಶ್ಯೂ ಡಬ್ಬ ಮುಂದೆ ತಳ್ಳಬಾರದು, ತಳ್ಳಿದರೆ ಸಾಕು ನಿಲ್ಲಿಸು ಅಂದ ಹಾಗೆ ಎಂದು ಅವಳಿಗೆ ಕಲಿಸಿದ್ದರು. ಎಮಿಲ್‌ಗೆ ಯಾರೂ ಕಲಿಸಿರಲಿಲ್ಲ, ಅವನು ಡಬ್ಬ ತಳ್ಳಿದ. ಜೇಬಿನಿಂದ ಪುದೀನ ಪೆಪ್ಪರ್‌ಮಿಂಟು ತೆಗೆದು, ಅಂಟಿದ ನೂಲು ಬಿಡಿಸಿ ಅವಳ ಅಂಗೈಲಿಟ್ಟ. “ಹೋಗ್ಲಿ ಬಿಡಮ್ಮಾ, ಅವಳಿಗೆ ಗೊತ್ತಾಗಿರಲ್ಲ. ಬೇಲಿ ಹಾಕುವಾಗ ನಾನೂ ಒಂದ್ಸಲ ಗೇಟು ತಿರುಗಾಮುರುಗ ಇಟ್ಟಿದ್ದೆ” ಎಂದು ಅವಳು ಉಸಿರು ಹಿಡಿಯುವ ತನಕ ಗೇಟಿನ ಕಥೆ ಹೇಳಿದ. ಅವನು ಹೋದ ಮೇಲೆ ಅವಳು ಮುಖ ತೊಳೆದು ಬಂದು ಬರೆದಳು: ‘ಕ್ಲೈಂಟ್ ಪತ್ನಿಯ ಮರಣದ ದುಃಖವನ್ನು ಮೊದಲ ಬಾರಿ ವ್ಯಕ್ತಪಡಿಸಿದರು. ಸಮಾಲೋಚಕಿ ಬೆಂಬಲ ನೀಡಿದರು. ಮುಖಾಮುಖಿ, ಒಂದು ಗಂಟೆ.’ ಅಕ್ಷರ ದುಂಡಗೆ ಬಂದಿತ್ತು.

“...ಹಂಗಾಗಿ ಆ ಕೋಳಿನ ನಾನು ಮಾರಲ್ಲ” ಎಂದು ಎಮಿಲ್ ಮುಗಿಸಿದ. ಹನ್ನೊಂದು ಹೊಡೆದಿತ್ತು. ಮೂರು ಸಾವಿರ. ಇಬ್ಬರೂ ಎದ್ದರು, ಕೈ ಕುಲುಕಿದರು. ಅವನು ಟೋಪಿ ಹಾಕಿಕೊಂಡು, ಬಾಗಿಲ ಹಿಡಿಯ ಮೇಲೆ ಕೈಯಿಟ್ಟು, ಸ್ವರ ತಗ್ಗಿಸಿದ.

“ಅವತ್ತು ನೀನು ಅತ್ತಿದ್ದು ನಾನು ಯಾರ ಹತ್ರನೂ ಬಾಯಿ ಬಿಟ್ಟಿಲ್ಲ. ಆ ಹುಡುಗಿ, ನಿನ್ನ ಮೇಲಿನೋಳು, ಒಂದ್ಸಲ ಫೋನ್ ಮಾಡಿ ಹೆಂಗೆ ನಡೀತಿದೆ ಅಂತ ವಿಚಾರಿಸಿದ್ಲು. ಬಹಳ ಚೆನ್ನಾಗಿದೆ ಅಂದೆ. ನಿನ್ನ ಲೈಸೆನ್ಸಿಗೆ ತೊಂದ್ರೆ ಆಗೋದು ಬೇಡ.”

ಅವನು ಹೋದ. ಮುಂಗೋಣೆಯಲ್ಲಿ ವೆಲ್ಡಾ ಅವನಿಗೆ ಕೇಕು ಬೇಕಾ ಎಂದು ಕೇಳಿದ್ದು, ಒಂದು ಸೊನ್ನೆ ಕೊಡು ಸಾಕು ಎಂದು ಅವನು ಅಂದದ್ದು ಕೇಳಿಸಿತು. ಆರ್ಡಿತ್ ಕುರ್ಚಿಯಲ್ಲಿ ಕೂತೇ ಇದ್ದಳು. ಕುಣಿಯಬೇಕಿತ್ತು. ಕಾಲು ಕುಣಿಯಲು ಸಿದ್ಧವಾಗಿಯೇ ಇತ್ತು, ಬೆರಳುಗಳು ಬೂಟಿನೊಳಗೆ ಆಡುತ್ತಿದ್ದವು. ಮೇಲಿನ ಅರ್ಧ ಮಾತ್ರ ಅಲ್ಲಾಡಲಿಲ್ಲ. ಗುಟ್ಟು ಇಟ್ಟುಕೊಳ್ಳಬೇಕಾದವಳು ತಾನು. ಐದು ವಾರದಿಂದ ಗುಟ್ಟು ಇಟ್ಟುಕೊಂಡವನು ಅವನು. ಡಿಶ್ ಆಂಟೆನಾ ಕೇಳಿಸಿಕೊಳ್ಳುತ್ತದೆಂದು ಗುಂಡು ಹೊಡೆದವನು ಅವಳ ಅಳುವಿಗೆ ಕಾವಲು ಕೂತಿದ್ದ.

ಮೇಲ್ವಿಚಾರಕಿ ಕೆಂಡ್ರಾ ಸ್ಟೈನ್‌ಬ್ರಿಂಕ್‌ಳ ಕೋಣೆಗೆ ಒಂದು ಗಂಟೆಗೆ ಹೋಗಬೇಕಿತ್ತು, ಹನ್ನೆರಡು ಐವತ್ತಕ್ಕೇ ಹೋದಳು. ಕೆಂಡ್ರಾಗೆ ಮೂವತ್ತಮೂರು. ಮೂರನೆಯ ತರಗತಿಯಲ್ಲಿದ್ದಾಗ ಶಾಲೆಯ ಫೋಟೋದ ಹಿಂದಿನ ದಿನ ಅವಳ ಹಣೆಗೂದಲನ್ನು ಆರ್ಡಿತ್ ಕತ್ತರಿಸಿದ್ದಳು; ಎಡದಿಂದ ಬಲಕ್ಕೆ ಅದು ಎಷ್ಟು ಇಳಿಜಾರಾಗಿತ್ತೆಂದರೆ ಫೋಟೋ ನೋಡಿದವರೆಲ್ಲ ಗೋಡೆಯ ಮೊಳೆ ಸರಿಮಾಡಲು ಹೋಗುತ್ತಿದ್ದರು. ಅದಿನ್ನೂ ಕೆಂಡ್ರಾಳ ತಾಯಿಯ ಮನೆಯಲ್ಲಿ ತೂಗುತ್ತಿದೆ. ಪ್ರತಿ ಗುರುವಾರ ಈ ಹಣೆಯ ಎದುರು ಕೂತು ನೀವು ಎನ್ನುವಾಗ ಆರ್ಡಿತ್‌ಗೆ ಒಳಗೆ ನೀನು ಎಂದೇ ಕೇಳುತ್ತಿತ್ತು, ಪ್ರತಿ ಗುರುವಾರ ಅದಕ್ಕಾಗಿ ಸಣ್ಣಗೆ ನಾಚಿಕೆಯಾಗುತ್ತಿತ್ತು. ಕೆಂಡ್ರಾ ಸೂರ್ಯಕಾಂತಿ ಬೀಜ ಕಟುಕುಟು ಒಡೆದು ಸಿಪ್ಪೆಯನ್ನು ಕಾಗದದ ಲೋಟಕ್ಕೆ ಉಗಿಯುತ್ತಿದ್ದಳು. ಕಂಪ್ಯೂಟರಿನ ಪರದೆಯ ಮೇಲೆ ಮಂಡಳಿಯ ನಮೂನೆ ತೆರೆದಿತ್ತು.

“ಅಭಿನಂದನೆ! ಮಂಡಳಿ ಅರ್ಜಿ ತಗೊಳ್ಳೋ ಕಿಟಕಿ ಸಾಯಂಕಾಲ ಐದಕ್ಕೆ ಮುಚ್ಚುತ್ತೆ, ಆಮೇಲೆ ಜೂನ್‌ಗೇ ತೆರೆಯೋದು. ಈಗಲೇ ಒತ್ತಿಬಿಡೋಣ್ವಾ? ಒಂದು ಗುಂಡಿ ಒತ್ತಿದ್ರೆ ನೀವು ನನ್ನ ಕೈಯಿಂದ ಪಾರು.”

“ಏಳನೇದು ತೆಗೀಬೇಕು” ಎಂದಳು ಆರ್ಡಿತ್.

“ಯಾವ ಏಳನೇದು?”

ಹೇಳಿದಳು. ಪೆಟ್ಟಿಗೆ, ಗೋಡೆ, ಕನ್ನಡಿ, ಬೈತಲೆ, ನಲವತ್ತು ನಿಮಿಷ, ಪೆಪ್ಪರ್‌ಮಿಂಟು, ದುಂಡಗಿನ ಅಕ್ಷರ. ಎಲ್ಲವನ್ನೂ ಎರಡೇ ಉಸಿರಿನಲ್ಲಿ ಹೇಳಿದಳು. ಹೇಳುತ್ತಾ ಹೇಳುತ್ತಾ ಮೈ ಹಗುರಾಗಿ ಒಂದು ಥರದ ಉತ್ಸಾಹ ಬಂತು, ಇನ್ನೂ ಕೆಲವು ತಪ್ಪು ಸೇರಿಸೋಣ ಅನ್ನಿಸುವಷ್ಟು. ಕೆಂಡ್ರಾ ಬೀಜ ಒಡೆಯುವುದನ್ನು ನಿಲ್ಲಿಸಿದ್ದಳು.

“ನಿಯಮದ ಪ್ರಕಾರ ನೋಡಿದ್ರೆ ಕೋಣೆಯಲ್ಲಿ ಇಬ್ಬರೂ ಇದ್ರಿ, ಬಾಗಿಲು ಹಾಕಿತ್ತು, ಗಂಟೆ ಪೂರ್ತಿ ಆಯ್ತು. ಟಿಪ್ಪಣಿ ತಿದ್ದಬೇಕು, ಅದು ಸುಳ್ಳು. ಆದ್ರೆ ಗಂಟೆನ ಎಣಿಸಬಹುದು. ನಾನು ಸಹಿ ಮಾಡ್ತೀನಿ.” ಬೀಜದ ಲೋಟವನ್ನು ಪಕ್ಕಕ್ಕೆ ಸರಿಸಿ ಕೇಳಿದಳು, “ಆ ಗಂಟೆಯಲ್ಲಿ ಅವರು ಅತ್ರಾ?”

“ಇಲ್ಲ.”

“ಎರಡು ವರ್ಷದಿಂದ ಅಳದೆ ಇರೋ ಮನುಷ್ಯ ಬಾಯಿ ತೆರೆದಿದ್ದು ಅವತ್ತೇ. ಅವತ್ತು ಅಳಬೇಕಾಗಿದ್ದಿದ್ದು ಯಾರು ಆರ್ಡಿತ್?”

ಬೇಕೆಂದೇ ಮೆತ್ತಗೆ ಕೇಳಿದಳು, ಅದಕ್ಕೇ ಹೆಚ್ಚು ಚುಚ್ಚಿತು. ಆರ್ಡಿತ್‌ಗೆ ಐದು ವಾರದಿಂದ ತನ್ನನ್ನು ಕೊರೆಯುತ್ತಿರುವುದು ತಾನು ಅತ್ತದ್ದೆಂದೇ ಅನ್ನಿಸಿತ್ತು. ಅದಲ್ಲ. ಆ ಮುದುಕ ಹೊಸ್ತಿಲವರೆಗೆ ಬಂದಿದ್ದ, ಅವಳು ಅವನನ್ನು ಪಕ್ಕಕ್ಕೆ ತಳ್ಳಿ ತಾನು ಒಳಗೆ ನುಗ್ಗಿದ್ದಳು. ಬಾಗಿಲು ಹಿಡಿದುಕೊಂಡು ನಿಂತವನು ಆಮೇಲೆ ಕೋಳಿಯ ಕಡೆಗೆ ಹೊರಟುಹೋದ. ಅವಳು ಕೈ ಚಾಚಿ ಕೆಂಡ್ರಾಳ ಕಂಪ್ಯೂಟರ್ ಮೌಸನ್ನು ತಾನೇ ಹಿಡಿದು, ಪರದೆಯ ಮೇಲೆ ಏಳನೆಯ ಗಂಟೆಯ ಸಾಲು ಹುಡುಕಿ ಅಳಿಸಿದಳು. ಕೆಳಗೆ ಮೊತ್ತ ಕಣ್ಣು ಮಿಟುಕಿಸಿತು: 2999.

“ನೀನು ಬೇಡ ಅಂದಿದ್ರೂ ಅಳಿಸ್ತಿದ್ದೆ” ಎಂದಳು. ನಾಲಗೆ ಜಾರಿದ್ದು ಆಮೇಲೆ ತಿಳಿಯಿತು.

ಕೆಂಡ್ರಾ ಹಣೆಗೂದಲು ಸರಿಸಿಕೊಂಡಳು. “ಹಾಗಾದ್ರೆ ಇನ್ನೊಂದು ವಿಷಯ ಇದೆ. ನಿಮ್ಮದು ಸಮಾಲೋಚನೆ ಅಲ್ಲ ಅಂದ್ರೆ ಅವರದೂ ಅಲ್ಲ. ಕೋರ್ಟಿಗೆ ನಾವು ಕೊಡೋ ಪತ್ರದಲ್ಲಿ ಹನ್ನೊಂದೇ ಆಗುತ್ತೆ. ನಾಳೆ ಅವರ ಗಡುವು.”

ಇದನ್ನು ಆರ್ಡಿತ್ ಯೋಚಿಸಿರಲಿಲ್ಲ. ತನ್ನ ಪ್ರಾಮಾಣಿಕತೆಯ ಒಂದು ಗಂಟೆ ಇನ್ನೊಬ್ಬರ ಶಿಕ್ಷೆಗೆ ಸೇರಿಕೊಳ್ಳುತ್ತದೆಂದು ಯಾವ ಪಾಠದಲ್ಲೂ ಇರಲಿಲ್ಲ. ವೆಲ್ಡಾ ಮೂರು ಸಲ ಫೋನ್ ಮಾಡಿದಳು, ಎಮಿಲ್ ಕೋಳಿಗೂಡಿನಲ್ಲಿದ್ದ. ನಾಲ್ಕನೆಯ ಸಲ ಆರ್ಡಿತ್ ತಾನೇ ಮಾಡಿದಳು.

“ಎಮಿಲ್, ಒಂದು ಗಂಟೆ ಕಡಿಮೆ ಬಿದ್ದಿದೆ. ನನ್ನ ತಪ್ಪು. ಇವತ್ತೇ ಬರೋಕಾಗುತ್ತಾ?”

“ಯಾವುದು ಕಡಿಮೆ ಬಿತ್ತು?”

“ಏಳನೇದು.”

ಆ ಕಡೆ ಗಾಳಿ, ಕೋಳಿ. “ನಾನು ಮಾಡಿದ್ದರಲ್ಲಿ ಅದೊಂದೇ ಚೆನ್ನಾಗಿದ್ದಿದ್ದು ಕಣಮ್ಮಾ!” ಎಂದ ಎಮಿಲ್, ನಿಜಕ್ಕೂ ನೊಂದು.

ಅವನ ಮನೆಯಿಂದ ನಲವತ್ತು ನಿಮಿಷದ ದಾರಿ. ಮೂರು ನಲವತ್ತೈದಕ್ಕೆ ಬಂದ. ನಾಲ್ಕು ನಲವತ್ತೈದಕ್ಕೆ ಮುಗಿಯಬೇಕು, ಆರ್ಡಿತ್ ಎದ್ದು ಹೋಗಿ ಗಂಟೆ ಬರೆಸಬೇಕು, ಪಕ್ಕದ ಕೋಣೆಯಲ್ಲಿ ಗುಂಡಿಯ ಮೇಲೆ ಬೆರಳಿಟ್ಟು ಕೂತ ಕೆಂಡ್ರಾ ಐದರೊಳಗೆ ಒತ್ತಬೇಕು. ಹದಿನೈದು ನಿಮಿಷ ಧಾರಾಳ. ವೆಲ್ಡಾ ಮುಂಬಾಗಿಲಿಗೆ ಬೀಗ ಹಾಕಿ, ಫೋನಿನ ತಂತಿ ಕಿತ್ತು, ಯಾರೂ ಕೆಮ್ಮಬಾರದೆಂದು ಖಾಲಿ ಕುರ್ಚಿಗಳಿಗೆ ಆಜ್ಞೆ ಮಾಡಿದಳು. ಕೇಕಿನ ಮೇಲೆ ಈಗ 300 ಇತ್ತು. ಆರ್ಡಿತ್‌ಳ ಎದೆ ಓಟಕ್ಕೆ ನಿಂತ ಕುದುರೆಯ ಹಾಗಿತ್ತು. ಗಡಿಯಾರ ಎಮಿಲ್‌ನ ತಲೆಯ ಹಿಂದಿನ ಗೋಡೆಯಲ್ಲಿ, ಅವಳಿಗೆ ಮಾತ್ರ ಕಾಣುವಂತೆ; ಕ್ಲೈಂಟಿಗೆ ತಿಳಿಯದ ಹಾಗೆ ಹೊತ್ತು ನೋಡಲು ಅದನ್ನು ಅಲ್ಲಿ ಹಾಕುವುದು ಈ ಕಸುಬಿನ ಪದ್ಧತಿ. ಎಮಿಲ್ ಟೋಪಿ ತೆಗೆದು ಮೊಣಕಾಲಿನ ಮೇಲಿಟ್ಟ. ಮೊದಲ ಇಪ್ಪತ್ತು ನಿಮಿಷ ಗಾಳಿಯ ಬಗ್ಗೆ, ಅದರ ಜೊತೆ ಹೋದ ಎರಡು ತಗಡಿನ ಬಗ್ಗೆ ಹೇಳಿದ. ಆಮೇಲೆ ಸುಮ್ಮನಾದ. ಆರ್ಡಿತ್ ಕೂಡ. ಎರಡು ವರ್ಷದಲ್ಲಿ ಅವಳು ಸುಮ್ಮನಿರುವುದನ್ನು ನಾನೂರು ಸಲ ಅಭ್ಯಾಸ ಮಾಡಿದ್ದಳು, ಪ್ರತಿ ಸಲವೂ ಒಳಗೆ ಎಣಿಸುತ್ತಾ.

“ಆ ದಿನ ನಿಮ್ಮ ಹೊತ್ತು ನಾನು ತಗೊಂಡುಬಿಟ್ಟೆ” ಎಂದಳು ಕೊನೆಗೆ. “ಅವರ ಬೈತಲೆ ತಪ್ಪು ತೆಗೆದವಳು ನಾನು. ನೀವು ಹೇಳೋಕೆ ಶುರು ಮಾಡಿದ್ದನ್ನ ಮುಗಿಸೋಕೆ ಬಿಡಲಿಲ್ಲ. ಮುಗಿಸ್ತೀರಾ?”

“ಮುಗಿಸೋಕೆ ಏನೂ ಇಲ್ಲ. ಬೈತಲೆ ಎಡಗಡೆ ಇತ್ತು, ಅಷ್ಟೇ.” ಅವನು ಬೆರಳನ್ನು ತನ್ನ ವಿರಳ ಕೂದಲಿನ ಎಡಕ್ಕೆ ಇಟ್ಟ. ಆರ್ಡಿತ್‌ಳ ಕೈ ತಾನಾಗಿ ಮೇಲೆದ್ದು, ಅವನ ಪ್ರತಿಬಿಂಬದ ಹಾಗೆ, ತನ್ನ ತಲೆಯ ಬಲಕ್ಕೆ ಹೋಯಿತು. ಎಮಿಲ್ ತಲೆಯಾಡಿಸಿದ. “ಅಲ್ಲ. ಆ ಕಡೆ ಅಲ್ಲ.” ಅವಳು ಕೈಯನ್ನು ನೆತ್ತಿಯ ಮೇಲಿಂದ ನಿಧಾನವಾಗಿ ದಾಟಿಸಿ ಎಡಕ್ಕೆ ತಂದಳು. ಬೆರಳಿನಿಂದ ಕೂದಲನ್ನು ಸೀಳಿದಳು. ತಾನೇ ತೆಗೆದ ಬೆಳಗಿನ ಬೈತಲೆ ಅಲ್ಲಿ ಕೆಟ್ಟಿತು.

“ಹಾಂ” ಎಂದ ಎಮಿಲ್. “ಅಲ್ಲಿ. ಬೆಳಿಗ್ಗೆ ಒಲೆ ಮುಂದೆ ನಿಂತು ತೆಗೀತಿದ್ಲು, ಕನ್ನಡಿ ಇಲ್ಲದೇನೇ. ನಾನು ಕಾಫಿಗೆ ಕಾಯ್ತಾ ಹಿಂದೆ ಕೂತಿರ್ತಿದ್ದೆ. ಬಿಳೀ ದಾರಿ ಒಂದು, ನೇರ. ಐವತ್ತೊಂದು ವರ್ಷ ನಾನು ನೋಡಿದ್ದು ಅದನ್ನೇ ಕಣಮ್ಮಾ. ಮುಖಕ್ಕಿಂತ ಜಾಸ್ತಿ ಅದನ್ನೇ—” ಅವನು ಮುಂದೆ ಹೇಳಲು ಬಾಯಿ ತೆರೆದ. ಬಂದದ್ದು ಮಾತಲ್ಲ. ಗೇಟು ತಿರುಗಣಿಯಿಂದ ಕಳಚಿದ ಹಾಗಿನ ಒಂದು ಸದ್ದು, ಮತ್ತೆ ಒಂದು. ಟೋಪಿ ಕೆಳಗೆ ಬಿತ್ತು. ಅವನ ಹಿಂದೆ ಗಡಿಯಾರ ನಾಲ್ಕು ನಲವತ್ತೊಂದು ತೋರಿಸುತ್ತಿತ್ತು.

ಅವಳಿಗೆ ಕಂಡಿತು. ಕಾಣಲಿಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. ನಾಲ್ಕು ನಿಮಿಷ, ಟಿಶ್ಯೂ ಡಬ್ಬವನ್ನು ಮುಂದೆ ತಳ್ಳಿದರೆ ಸಾಕು, ಸಭ್ಯ ಮನುಷ್ಯ, ತಕ್ಷಣ ನಿಲ್ಲಿಸುತ್ತಾನೆ, ಮೂಗೊರೆಸಿಕೊಂಡು ಎದ್ದು ಕ್ಷಮೆಯನ್ನೂ ಕೇಳುತ್ತಾನೆ. ಡಬ್ಬ ಅವಳ ಕೈಯಳತೆಯಲ್ಲಿತ್ತು. ಬೋರ್ಡಿನ ಮೇಲೆ ಹೊಡೆದುಕೊಳ್ಳುತ್ತಿದ್ದ ಕಪ್ಪು ಬಟ್ಟೆಯ ಸದ್ದು ಅವಳಿಗೆ ಇಲ್ಲಿಗೇ ಕೇಳಿಸಿತು, ಇನ್ನೂರು ಕೊಲಾಚೆಯ ವಾಸನೆ ಬಂತು. ಜೂನ್ ತನಕ ಪ್ರತಿ ಗುರುವಾರ ಆ ಓರೆ ಹಣೆಗೂದಲಿನ ಎದುರು ಕೂರುವುದು, ಪೋಸ್ಟ್ ಆಫೀಸಿನ ಕಿಟಕಿ, ಏನಾಯ್ತಂತೆ ಆರ್ಡಿತ್‌ದು ಎಂಬ ಪಿಸುಮಾತು, ಎಲ್ಲವೂ ಸಾಲಾಗಿ ಬಂದು ನಿಂತವು. ಅವಳು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು, ಶಾಲೆಯ ಹುಡುಗಿಯ ಹಾಗೆ, ಅವುಗಳ ಮೇಲೆ ಕೂತಳು. ಎಮಿಲ್ ಅಳುತ್ತಿದ್ದ. ಎರಡು ಅಕ್ಟೋಬರ್‌ಗಳ ಅಳು, ಅದಕ್ಕೂ ಹಿಂದಿನದು, ಗಾಳಿಯನ್ನೂ ಮೀರಿ. ನದಿಯ ಕೊಕ್ಕರೆಗಳು ಒಂದು ಗಳಿಗೆ ಕೂಗು ನಿಲ್ಲಿಸಿದವು ಎಂದು ವೆಲ್ಡಾ ಇವತ್ತಿಗೂ ಆಣೆಯಿಟ್ಟು ಹೇಳುತ್ತಾಳೆ. ಆರ್ಡಿತ್ ಅವನ ಮುಖ ನೋಡುತ್ತಿದ್ದಳು, ನೇರ, ಯಾವ ಕನ್ನಡಿಯೂ ಇಲ್ಲದೆ. ಎಣಿಸುವುದು ಯಾವಾಗ ನಿಂತಿತೋ ತಿಳಿಯಲಿಲ್ಲ. ಎದೆಯೊಳಗಿನ ಸೋಡಾ ಮತ್ತೆ ಏಳತೊಡಗಿತ್ತು, ಬೆಳಿಗ್ಗೆಗಿಂತ ಜೋರಾಗಿ, ಈಗ ತಳದಲ್ಲಿ ಏನೂ ಇರಲಿಲ್ಲ. ಪಕ್ಕದ ಕೋಣೆಯಿಂದ ಯಾರೂ ಬಾಗಿಲು ತಟ್ಟಲಿಲ್ಲ.

ಅವನು ಟೋಪಿ ಎತ್ತಿಕೊಂಡು ಎದ್ದಾಗ ಆರು ದಾಟಿತ್ತು. ಮುಂಗೋಣೆಯಲ್ಲಿ ಕೆಂಡ್ರಾ, ವೆಲ್ಡಾ ಇಬ್ಬರೂ ಕೇಕಿನ ಮುಂದೆ ಹೆಣ ಕಾಯುವವರ ಹಾಗೆ ಕೂತಿದ್ದರು. ವೆಲ್ಡಾಳ ಮೂಗು ಕೆಂಪಾಗಿತ್ತು, ಗಾಳಿ ಎಂದಳು.

“ಕಿಟಕಿ ಮುಚ್ಚಿತು” ಎಂದಳು ಕೆಂಡ್ರಾ. “ಎಷ್ಟು ಗಂಟೆ ಬರೀಲಿ? ಎರಡೂಕಾಲು ಆಯ್ತು.”

“ಒಂದು” ಎಂದಳು ಆರ್ಡಿತ್. “ಮಿಕ್ಕಿದ್ದು ಅವರದು.”

ಕೆಂಡ್ರಾ ಒಂದು ಬೀಜ ಒಡೆದಳು. “ಜೂನ್‌ವರೆಗೂ ಗುರುವಾರ ಒಂದು ಗಂಟೆಗೇ ಇರಲಿ. ಬರುವಾಗ ಕತ್ತರಿ ತನ್ನಿ. ಈ ಹಣೆ ಮೇಲಿಂದು ನೀವೇ ಶುರು ಮಾಡಿದ್ದು, ನೀವೇ ಮುಗಿಸಬೇಕು.”

ಹೊರಗಡೆ ಹೋಗಿದ್ದ ಎಮಿಲ್ ಬಾಗಿಲನ್ನು ಮತ್ತೆ ತಳ್ಳಿ ತಲೆ ಮಾತ್ರ ಒಳಗೆ ಹಾಕಿದ. ಟೋಪಿ ಹಾಕಿರಲಿಲ್ಲ, ಗಾಳಿ ಅವನ ಕೂದಲಿಗೆ ಎಲ್ಲ ಕಡೆಯಿಂದಲೂ ಬೈತಲೆ ತೆಗೆದಿತ್ತು.

“ಒಂದು ಕೇಳಬೇಕಿತ್ತಮ್ಮಾ. ಜಡ್ಜ್ ಹೇಳದೇ ಇದ್ರೂ ಇಲ್ಲಿಗೆ ಬರಬಹುದಾ?”

“ಬರಬಹುದು.”

“ಹಂಗಾದ್ರೆ ಮುಂದಿನ ಗುರುವಾರ ಬರ್ತೀನಿ. ಹತ್ತಕ್ಕೆ.” ಅವನ ಕಣ್ಣು ಮೇಜಿನ ಮೇಲೆ ಹೋಯಿತು. “ಆ ಕೇಕಲ್ಲಿ ಇನ್ನೊಂದು ಸೊನ್ನೆ ಉಳಿದಿದ್ರೆ ಕೊಡಿ, ದಾರಿಗಾಗುತ್ತೆ.”